ಹತ್ತಕ್ಕೆ ಮೂರು

ನಾನು ಸುಮ್ಮನೆ ಕೂರುವ ಹೆಂಗಸಲ್ಲ. ಬಸ್ಸು ಐದು ನಿಮಿಷ ತಡವಾದರೆ ಸ್ಟ್ಯಾಂಡಿನ ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ಓಡಾಡಿಬಿಡುತ್ತೇನೆ. ಹಾಲು ಕಾಯುವವರೆಗೆ ನಿಲ್ಲಲಾರದೆ ಉರಿ ಜೋರು ಮಾಡಿ ಆಚೆ ಹೋಗುತ್ತೇನೆ, ಉಕ್ಕಿದ ಮೇಲೆ ಬಂದು ಒಲೆ ತೊಳೆಯುತ್ತೇನೆ. ಇವಳು ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಎಂದು ನಮ್ಮಮ್ಮ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಆ ಚಕ್ರಕ್ಕೆ ತಕ್ಕ ನೌಕರಿಯೂ ಸಿಕ್ಕಿತು. ಉಪ್ಪಾರಹಳ್ಳಿಯ ಮನೆಯಿಂದ ಬಸ್ ಸ್ಟ್ಯಾಂಡು, ಅಲ್ಲಿಂದ ಗುಬ್ಬಿ, ಗುಬ್ಬಿಯಲ್ಲಿ ಇನ್ನೊಂದು ಬಸ್ಸು ಹಿಡಿದು ಕಡಬದ ಹತ್ತಿರದ ಒಂದು ಸರ್ಕಾರಿ ಶಾಲೆ. ಇಪ್ಪತ್ತೇಳು ವರ್ಷ ಹೀಗೆ ಓಡಾಡಿಕೊಂಡೇ ಮಕ್ಕಳಿಗೆ ಗಣಿತ ಹೇಳಿಕೊಟ್ಟಿದ್ದೇನೆ.

ಇಡೀ ದಿನದಲ್ಲಿ ನಾನು ಅಲುಗಾಡದೆ ಇರುತ್ತಿದ್ದುದು ಹತ್ತೇ ನಿಮಿಷ. ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಚಾಪೆಯ ಮೇಲೆ ಕೂರುತ್ತಿದ್ದೆ. ಕೊರಳಲ್ಲಿರುವ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯ ಮೇಲೆ ಇಟ್ಟುಕೊಂಡು, ಕೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಅದನ್ನೇ ನೋಡುತ್ತಿದ್ದೆ. ಭಕ್ತಿ, ಧ್ಯಾನ ಎಂದೆಲ್ಲ ದೊಡ್ಡ ಮಾತು ಆಡಲಾರೆ. ನೋಡುತ್ತ ನೋಡುತ್ತ ತಲೆಯೊಳಗಿನ ಬಸ್ಸು, ಬಿಸಿಯೂಟದ ಲೆಕ್ಕ, ತಿದ್ದದೆ ಉಳಿದ ಪೇಪರು ಎಲ್ಲ ಒಂದೊಂದಾಗಿ ದೂರ ಸರಿಯುತ್ತಿದ್ದವು, ಅಷ್ಟೇ. ಆ ಹತ್ತು ನಿಮಿಷ ತಪ್ಪಿದ ದಿನ ಮಕ್ಕಳು ನನ್ನ ಮುಖ ನೋಡಿಯೇ ಹಿಂದಿನ ಬೆಂಚಿಗೆ ಹೋಗುತ್ತಿದ್ದವು.

ಎರಡು ವರ್ಷದ ಹಿಂದೆ ಎಡ ರಟ್ಟೆ ನೋಯಲು ಶುರುವಾಯಿತು. ಮೊದಲು ಬಸ್ಸಿನ ಕಂಬಿ ಹಿಡಿದು ಹಿಡಿದು ಹೀಗಾಗಿದೆ ಎಂದುಕೊಂಡೆ. ಆಮೇಲೆ ಜಡೆ ಹಾಕಿಕೊಳ್ಳಲು ಕೈ ಹಿಂದಕ್ಕೆ ಹೋಗಲಿಲ್ಲ, ಜಡೆ ಬಿಟ್ಟು ಒಂದೇ ಕೈಯಲ್ಲಿ ಹೇಗೋ ತುರುಬು ಸುತ್ತಿಕೊಂಡೆ. ಸೆರಗಿಗೆ ಪಿನ್ನು ಹಾಕಲು ಮನೆಯವರನ್ನು ಕರೆಯುವಂತಾಯಿತು. ಅವರು ಸಹಕಾರ ಸಂಘವೊಂದರಲ್ಲಿ ಗುಮಾಸ್ತರು, ಯಾವುದನ್ನೂ ಅವಸರದಲ್ಲಿ ಮಾಡಿದವರಲ್ಲ. ಒಂದು ಪಿನ್ನು ಹಾಕುವಷ್ಟರಲ್ಲಿ ನನ್ನ ಗುಬ್ಬಿ ಬಸ್ಸು ಹೋಗಿರುತ್ತಿತ್ತು. ‘ತಾಳಿದವನು ಬಾಳಿಯಾನು ಕಣೇ’ ಎಂದು ಬೇರೆ ಹೇಳುತ್ತಿದ್ದರು.

ಇವೆಲ್ಲವನ್ನೂ ತಡೆದುಕೊಂಡೆ. ಒಂದು ಸೋಮವಾರ ಬೆಳಿಗ್ಗೆ ಲಿಂಗವನ್ನು ಅಂಗೈಯ ಮೇಲಿಟ್ಟು ಎತ್ತಿದಾಗ ರಟ್ಟೆಯೊಳಗೆ ಚಳಕ್ ಎಂದಿತು, ಕೈ ತಾನಾಗಿಯೇ ಕುಸಿಯಿತು. ಲಿಂಗ ಜಾರಿ ಮಡಿಲಿಗೆ ಬಿತ್ತು. ನೆಲಕ್ಕೆ ಬೀಳಲಿಲ್ಲ. ಬಿದ್ದಿದ್ದರೆ ಏನು ಎಂದು ನಮ್ಮಲ್ಲಿ ಹಿರಿಯರು ಹೇಳುವುದನ್ನು ಇಲ್ಲಿ ಬರೆಯಲು ಈಗಲೂ ಮನಸ್ಸು ಬಾರದು. ಮಡಿಲನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಆವತ್ತಿನಿಂದ ಕರಡಿಗೆ ತೆಗೆಯುವುದನ್ನೇ ಬಿಟ್ಟೆ. ಮುಚ್ಚಿದ ಕರಡಿಗೆಗೆ ಮೇಲಿಂದಲೇ ವಿಭೂತಿ ಮುಟ್ಟಿಸಿ ಎದ್ದುಬಿಡುತ್ತಿದ್ದೆ. ಯಾರಿಗೂ ಹೇಳಲಿಲ್ಲ, ಮನೆಯವರಿಗೂ. ಭಯವಾಗಿತ್ತು, ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಗಿತ್ತು.

ಹೇಳಲಾಗದವಳು ಫೋನು ಹಿಡಿದೆ. ‘ಭುಜ ನೋವು’ ಎಂದು ಬರೆದು ಒತ್ತಿದರೆ ವಿಡಿಯೋಗಳ ಸಂತೆಯೇ ನೆರೆಯಿತು. ಒಬ್ಬ ಮೂರು ದಿನದಲ್ಲಿ ಮಾಯ ಎಂದ. ಒಬ್ಬ ಬಿಸಿ ಶಾಖ ಕೊಡಿ ಎಂದರೆ ಇನ್ನೊಬ್ಬ ಐಸ್ ಇಡಿ ಎಂದ. ಒಬ್ಬಾಕೆ ಕೈ ಅಲುಗಿಸಲೇಬೇಡಿ ಎಂದಳು, ಅವಳ ಕೆಳಗಿನವನು ಅಲುಗಿಸುವುದನ್ನು ನಿಲ್ಲಿಸಿದರೆ ಕೆಟ್ಟಿರಿ ಎಂದ. ಬೇರೆ ಯಾರಾದರೂ ಆಗಿದ್ದರೆ ಫೋನು ಕೆಳಗಿಡುತ್ತಿದ್ದರು. ನಾನು ಎಲ್ಲವನ್ನೂ ಮಾಡಿದೆ. ಬೆಳಿಗ್ಗೆ ಶಾಖ, ಸಂಜೆ ಐಸು, ನಡುವೆ ಬಸ್ಸಿನಲ್ಲಿ ಕುತ್ತಿಗೆ ತಿರುಗಿಸುವುದು. ಒಂದು ದಿನ ಕುತ್ತಿಗೆ ಆ ಕಡೆ ಈ ಕಡೆ ತಿರುಗಿಸುತ್ತಿದ್ದಾಗ ಕಂಡಕ್ಟರು ನಾನು ಬೇಡ ಎನ್ನುತ್ತಿದ್ದೇನೆಂದುಕೊಂಡು ನನ್ನ ಚಿಲ್ಲರೆಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡ.

‘ನಿನ್ನ ಫೋನಿಗೊಂದು ಭುಜ ಇದ್ದಿದ್ರೆ ಇಷ್ಟೊತ್ತಿಗೆ ಅದೂ ಹಿಡ್ಕೊಂಡಿರೋದು’ ಎಂದರು ಮನೆಯವರು.

ಹುಲಿಯೂರುದುರ್ಗದಲ್ಲಿರುವ ಅವರ ಅಕ್ಕ ನನ್ನನ್ನು ಒಬ್ಬ ಎಣ್ಣೆ ತಿಕ್ಕುವವನ ಹತ್ತಿರ ಕರೆದುಕೊಂಡು ಹೋದರು. ಅವನು ಬಿಸಿ ಎಣ್ಣೆ ಹಚ್ಚಿ, ಮಾತಾಡಿಸುತ್ತ ಮಾತಾಡಿಸುತ್ತ ಇದ್ದಕ್ಕಿದ್ದಂತೆ ಕೈಯನ್ನು ಎಳೆದ. ನಾನು ಕೂಗಿದ ಕೂಗಿಗೆ ಆಚೆ ಕಟ್ಟಿದ್ದ ಎಮ್ಮೆ ಎದ್ದು ನಿಂತಿತು. ವಾರವಿಡೀ ಎಡಮಗ್ಗುಲಿಗೆ ತಿರುಗಲಾಗಲಿಲ್ಲ. ಆ ಮೇಲೆ ತುಮಕೂರಿನಲ್ಲಿ ಮೂಳೆ ಡಾಕ್ಟರಿಗೆ ತೋರಿಸಿದೆವು. ನಿಮ್ಮಂತೆ ಶುಗರ್ ಇರುವವರಿಗೆ ಹೀಗೆ ಭುಜದ ಕೀಲು ಹಿಡಿದುಕೊಳ್ಳುವುದು ಇದ್ದದ್ದೇ, ಬಿಡುತ್ತೆ, ಆದರೆ ಟೈಮ್ ಹಿಡಿಯುತ್ತೆ ಎಂದರು. ಎಷ್ಟು ಟೈಮ್ ಎಂದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿ, ಫಿಸಿಯೋಥೆರಪಿಗೆ ಚೀಟಿ ಬರೆದು ಕೊಟ್ಟರು.

ಆ ಚೀಟಿ ಹಿಡಿದು ಹೋದ ಕಡೆ, ಬಿಳಿ ಕೋಟು ಹಾಕಿಕೊಂಡಿದ್ದ ಹುಡುಗಿ ನನ್ನನ್ನು ನೋಡಿ ಥಟ್ಟನೆ ಎದ್ದು ನಿಂತಳು. ‘ಮಿಸ್!’ ಎಂದಳು. ನಮ್ಮ ಶಾಲೆಯಲ್ಲೇ ಏಳನೇ ಕ್ಲಾಸಿನವರೆಗೆ ಓದಿದವಳು. ನಾಲ್ಕು ವರ್ಷ ಕಾಲೇಜು ಮುಗಿಸಿ, ಈ ಕ್ಲಿನಿಕ್ಕಿಗೆ ಸೇರಿ ಒಂದು ತಿಂಗಳಾಗಿತ್ತಂತೆ. ನನಗೆ ಹೆಮ್ಮೆಯೆನಿಸಿತು. ಅವಳು ನನ್ನ ಕೈಯನ್ನು ಹಿಡಿದು ಮೆಲ್ಲಗೆ ಎತ್ತಿ, ಎಲ್ಲಿ ನಿಲ್ಲುತ್ತದೆಂದು ಅಳೆದು ಬರೆದುಕೊಳ್ಳುತ್ತಿದ್ದಾಗ, ಕ್ಲಿನಿಕ್ಕಿನ ದೊಡ್ಡ ಡಾಕ್ಟರು ಒಳಗೆ ಬಂದರು. ಬೇರೆ ಯಾವುದೋ ಪೇಷಂಟಿನ ಕಾಗದ ಹಿಡಿದು, ನನ್ನೆದುರಿಗೇ ಅವಳನ್ನು ಬೈದರು. ‘ಹೀಗೇ ಆದ್ರೆ ಮೂರು ತಿಂಗಳು ನೋಡ್ತೀನಿ, ಆಮೇಲೆ ನಿಮ್ಮ ದಾರಿ ನಿಮ್ದು’ ಎಂದು ಹೋದರು. ಅವಳ ಕಿವಿ ಕೆಂಪಾಯಿತು. ಅಳತೆ ಪಟ್ಟಿಯನ್ನು ಮತ್ತೆ ಮೊದಲಿಂದ ಇಟ್ಟಳು.

ಆಮೇಲೆ ನಾನು ನೋಡಿ ಮಾಡಿದ ವಿಡಿಯೋಗಳ ಕಥೆ ಕೇಳಿ, ನನ್ನ ಫೋನಿಗೆ ಒಂದು ಲಿಂಕು ಕಳಿಸಿದಳು. ‘ಮಿಸ್, ಇನ್ಮೇಲೆ ಆ ವಿಡಿಯೋಗಳನ್ನೆಲ್ಲ ಅಳಿಸಿಬಿಡಿ. ಇದೊಂದೇ ನೋಡಿ’ ಎಂದಳು.

ಅದು ಮೈಕೈ ನೋವಿನವರಿಗೆಂದೇ ವೈದ್ಯರೆಲ್ಲ ಕೂಡಿ ಮಾಡಿದ ಒಂದು ಜಾಲತಾಣ, ಕನ್ನಡದಲ್ಲೇ ಇತ್ತು. ನೋವಿನವರು ಒಳಹೋಗಲು ಒಂದು ಬಾಗಿಲು, ವೈದ್ಯರಿಗೆ ಇನ್ನೊಂದು. ನನ್ನ ಕಡೆಯ ಬಾಗಿಲಲ್ಲಿ ವ್ಯಾಯಾಮದ ಚಿತ್ರಗಳಿದ್ದವು, ನೋವೆಂದರೇನು ಎಂದು ನಿಧಾನವಾಗಿ ಹೇಳುವ ಪುಟಗಳಿದ್ದವು. ಯಾರೂ ಮೂರು ದಿನದಲ್ಲಿ ಮಾಯ ಎನ್ನುತ್ತಿರಲಿಲ್ಲ. ತಿಂಗಳುಗಳು ಹಿಡಿಯಬಹುದು, ವರ್ಷ ದಾಟಲೂಬಹುದು, ಆದರೆ ಬಿಡುತ್ತದೆ ಎಂದು ಬರೆದಿತ್ತು. ಓದಿ ಮೈ ಉರಿದುಹೋಯಿತು, ನನಗೆ ವಾರದಲ್ಲಿ ಬಿಡಬೇಕಾಗಿತ್ತು. ಪ್ರತಿ ಭಾನುವಾರ ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕಿ ಒತ್ತಬೇಕು. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ತಡೆಯಲಾಗದು. ನಾನು ಒತ್ತಿದ್ದು ಅವಳ ಕಡೆಯ ಬಾಗಿಲಲ್ಲಿ ಗೆರೆಯಾಗಿ ಕಾಣುತ್ತದೆ. ಗೆರೆ ಇಳಿಯುತ್ತ ಹೋದರೆ ಮುಂದಿನ ಹಂತದ ವ್ಯಾಯಾಮ ಕೊಡಬಹುದೆಂದು ಆ ಜಾಲತಾಣವೇ ಅವಳಿಗೆ ಸೂಚಿಸುತ್ತದೆ. ಒಟ್ಟು ಹಂತಗಳು ಮೂರು. ಮೊದಲನೆಯದರಲ್ಲಿ ಬಗ್ಗಿ ನಿಂತು ಕೈಯನ್ನು ಸುಮ್ಮನೆ ತೂಗಾಡಿಸಬೇಕು. ಎರಡನೆಯದರಲ್ಲಿ ಬಾಗಿಲ ಮೇಲೆ ರಾಟೆ ಕಟ್ಟಿ ಹಗ್ಗ ಎಳೆಯಬೇಕು. ಮೂರನೆಯದರಲ್ಲಿ ರಬ್ಬರು ಪಟ್ಟಿ ಜಗ್ಗಬೇಕು.

ಶುರುವಿನಲ್ಲೇ ಒಂದು ಪ್ರಶ್ನೆಯಿತ್ತು. ಕೈ ಸರಿಹೋದರೆ ನಿಮಗೆ ಮತ್ತೆ ಮಾಡಬೇಕೆನಿಸುವ ಒಂದು ಕೆಲಸ ಯಾವುದು? ‘ಜಡೆ ಹಾಕಿಕೊಳ್ಳುವುದು’ ಎಂದು ಬರೆದೆ. ಐವತ್ತಮೂರನೆಯ ವಯಸ್ಸಿನಲ್ಲಿ ನನಗೆ ಜಡೆಯ ಆಸೆ!

ಎರಡು ಸಲ ಕ್ಲಿನಿಕ್ಕಿಗೆ ಹೋಗಿ ಬಂದ ಮೇಲೆ ಅವಳನ್ನು ಕುಣಿಗಲ್ಲಿನಲ್ಲಿ ತೆರೆದ ಅವರ ಇನ್ನೊಂದು ಶಾಖೆಗೆ ಹಾಕಿದರು. ‘ಮಿಸ್, ಬೇರೆಯವ್ರು ನಿಮ್ಮನ್ನ ನೋಡ್ಕೊಳ್ಳಿ ಅಂದ್ರೆ ಹೇಳಿ, ಇಲ್ಲ ಅಂದ್ರೆ ಫೋನಲ್ಲೇ ನಾನು ನೋಡ್ತೀನಿ’ ಎಂದಳು. ನೀನೇ ನೋಡಮ್ಮ ಎಂದೆ. ಹಾಗಾಗಿ ಮುಂದೆ ಅವಳ ಪಾಲಿಗೆ ನನ್ನ ಭುಜವೆಂದರೆ ಭಾನುವಾರ ನಾನು ಒತ್ತುವ ಅಂಕಿ, ಅಷ್ಟೇ.

ನನ್ನ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಅಂಕದ ವಿಷಯದಲ್ಲಿ ನಾನು ಜಿಪುಣಿ ಎಂದು ಕಡಬದ ಸುತ್ತಮುತ್ತ ಹೆಸರಾಗಿದ್ದವಳು. ಉತ್ತರ ಸರಿ ಬಂದು ಒಂದು ಮೆಟ್ಟಿಲು ಬಿಟ್ಟಿದ್ದರೂ ಅರ್ಧ ಅಂಕ ಕಡಿಯುತ್ತಿದ್ದೆ. ಮೂವತ್ತೈದಕ್ಕೆ ಒಂದೇ ಒಂದು ಕಮ್ಮಿ ಬಂದ ಮಕ್ಕಳ ಅಪ್ಪಂದಿರು ಎಳನೀರು ತಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರೂ ಗ್ರೇಸ್ ಹಾಕಿದವಳಲ್ಲ. ಮಗು ಕಲಿತಿಲ್ಲ ಎಂಬುದನ್ನು ಮುಚ್ಚಿದರೆ ಮುಂದಿನ ಕ್ಲಾಸಿನಲ್ಲಿ ಅದೇ ಮಗು ಅಳುತ್ತದೆ ಎನ್ನುತ್ತಿದ್ದೆ. ಈ ಹುಡುಗಿಗೂ ಐದನೇ ಕ್ಲಾಸಿನಲ್ಲಿ ಭಿನ್ನರಾಶಿಯ ಪಾಠದಲ್ಲಿ ಕೈ ಬಿಗಿ ಹಿಡಿದೇ ಅಂಕ ಕೊಟ್ಟವಳು ನಾನು.

ಮೊದಲ ಭಾನುವಾರ ಏಳು ಒತ್ತಿದೆ. ನಿಜವಾದ ಏಳು. ಎರಡನೆಯ ಭಾನುವಾರವೂ ಏಳೇ ಇತ್ತು. ಬೆರಳು ಏಳರ ಮೇಲೆ ಹೋಯಿತು, ಅಷ್ಟರಲ್ಲಿ ಆ ದೊಡ್ಡ ಡಾಕ್ಟರು, ಕೆಂಪಾದ ಆ ಕಿವಿ ನೆನಪಾದವು. ಮೂರು ತಿಂಗಳು ನೋಡ್ತೀನಿ ಎಂದಿದ್ದಾರೆ, ಪಾಪ, ಹುಡುಗಿ ಒಳ್ಳೆಯವಳು, ಚೆನ್ನಾಗಿ ಮಾಡಿಸುತ್ತಾಳೆ, ಕೀಲು ಬಿಡದಿದ್ದರೆ ಅವಳ ತಪ್ಪೇನು? ಆರು ಒತ್ತಿದೆ. ಅರ್ಧ ಗಂಟೆಯಲ್ಲಿ ಅವಳ ಮೆಸೇಜು ಬಂತು. ‘ಸೂಪರ್ ಮಿಸ್!’ ಪಕ್ಕದಲ್ಲಿ ಚಪ್ಪಾಳೆ ತಟ್ಟುವ ಎರಡು ಕೈ. ನನಗೆ ಖುಷಿಯಾಯಿತು. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಒಬ್ಬರಿಗೆ ಗ್ರೇಸ್ ಹಾಕಿದ್ದೆ, ಹಾಕುವುದು ಇಷ್ಟು ಸುಖವಾಗಿರುತ್ತದೆಂದು ಗೊತ್ತೇ ಇರಲಿಲ್ಲ.

ಮೂರನೆಯ ವಾರ ಐದು. ಎರಡನೇ ಹಂತ ಬಂತು. ಮನೆಯವರು ಹಾರ್ಡ್‌ವೇರ್ ಅಂಗಡಿಯಿಂದ ಬಾವಿಗೆ ಹಾಕುವ ಕಬ್ಬಿಣದ ರಾಟೆ ತಂದು ನಡುಮನೆಯ ಬಾಗಿಲಿಗೆ ಕಟ್ಟಿದರು. ಹಗ್ಗ ಎಳೆದರೆ ಅದು ಕಿರ್ ಎನ್ನುತ್ತಿತ್ತು, ನಾನು ಅದಕ್ಕಿಂತ ಜೋರಾಗಿ ಹಲ್ಲು ಕಡಿಯುತ್ತಿದ್ದೆ. ನಾಲ್ಕನೆಯ ವಾರ ನಾಲ್ಕು ಒತ್ತಿದೆ. ಆ ಹೊತ್ತಿಗೆ ನಿಜವಾದ ಅಂಕಿ ಎಂಟಾಗಿತ್ತು. ಬಲಗೈಯಲ್ಲಿ ಬೋರ್ಡಿನ ಮೇಲೆ ಬರೆದರೂ ಎಡಭುಜ ಮಿಡಿಯುತ್ತಿತ್ತು. ಗುಬ್ಬಿಯಲ್ಲಿ ಬಸ್ಸು ಬದಲಾಯಿಸುವಾಗ ಯಾರಾದರೂ ಎಡಗಡೆಗೆ ತಾಗಿದರೆ ಜಗಳಕ್ಕೇ ನಿಲ್ಲುತ್ತಿದ್ದೆ. ನಡುವೆ ಅವಳು ಫೋನು ಮಾಡಿ, ‘ಮಿಸ್, ಹೇಗಿದೆ? ನೋವು ಜಾಸ್ತಿ ಏನಾದ್ರೂ?’ ಎಂದು ಕೇಳಿದರೆ, ‘ಪರವಾಗಿಲ್ಲ ಕಣಮ್ಮ’ ಎನ್ನುತ್ತಿದ್ದೆ. ನಮ್ಮ ಕಡೆ ಯಾರಾದರೂ ಹೇಗಿದ್ದೀರಿ ಎಂದರೆ ಬಾಯಿ ತಾನಾಗಿ ಹೇಳುವುದು ಅದನ್ನೇ, ಹೆಣದ ಮುಂದೆ ಕೂತಿದ್ದರೂ ಪರವಾಗಿಲ್ಲ.

ಐದನೆಯ ವಾರ ಮೂರು. ಹತ್ತಕ್ಕೆ ಮೂರು. ಅವಳಿಂದ ರಬ್ಬರು ಪಟ್ಟಿಯ ಚಿತ್ರಗಳು ಬಂದವು.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಪಟ್ಟಿಯನ್ನೂ ಜಗ್ಗಿದೆ. ಸುಳ್ಳು ಹೇಳಿದ್ದೇನೆ, ಹೇಳಿದ ಮೇಲೆ ವ್ಯಾಯಾಮವಾದರೂ ಪ್ರಾಮಾಣಿಕವಾಗಿ ಮಾಡೋಣ ಎಂಬ ಮೊಂಡು. ಮಾಡಿದರೆ ನಿಜಕ್ಕೂ ಮೂರಕ್ಕೆ ಇಳಿದೀತು, ಆಗ ಸುಳ್ಳು ತಾನಾಗಿ ಸುಳ್ಳಲ್ಲದಾಗುತ್ತದೆ ಎಂದುಕೊಂಡೆ. ಕಾಪಿ ಹೊಡೆದ ಮಕ್ಕಳು ಆಮೇಲೆ ಓದಿಕೊಂಡರಾಯಿತು ಎನ್ನುವುದಿಲ್ಲವೇ, ಅದೇ ಲೆಕ್ಕ. ಒಂದು ಬೆಳಿಗ್ಗೆ ಧೈರ್ಯ ಮಾಡಿ, ಕರಡಿಗೆ ತೆಗೆಯದೆ, ಬರಿಯ ಅಂಗೈಯನ್ನು ಎತ್ತಿ ನೋಡಿದೆ. ಮೊದಲು ಎದೆಯ ತನಕವಾದರೂ ಬರುತ್ತಿದ್ದ ಕೈ ಈಗ ಹೊಟ್ಟೆಯ ಮೇಲೇ ನಡುಗುತ್ತ ನಿಂತಿತು. ಚಾಪೆಯ ಮೇಲೆ ಕೂತು ಅತ್ತೆ. ಇನ್ನು ಆ ಹತ್ತು ನಿಮಿಷ ನನ್ನ ಪಾಲಿಗಿಲ್ಲ ಎಂದೇ ಅನ್ನಿಸಿತು.

ಆವತ್ತು ಶನಿವಾರ, ಅರ್ಧ ದಿನದ ಶಾಲೆ. ಗುಬ್ಬಿಯಿಂದ ವಾಪಸ್ ಬಂದು ತುಮಕೂರು ಸ್ಟ್ಯಾಂಡಿನಲ್ಲಿ ಇಳಿದವಳು ಮನೆಗೆ ಹೋಗಲಿಲ್ಲ. ಕುಣಿಗಲ್ ಬಸ್ಸು ಎದುರಿಗೇ ನಿಂತಿತ್ತು, ಹತ್ತಿಬಿಟ್ಟೆ. ಭಾನುವಾರ ಬಂದರೆ ಮತ್ತೊಂದು ಅಂಕಿ ಒತ್ತಬೇಕು, ಅದಕ್ಕೆ ಮೊದಲು ಅವಳನ್ನು ಕಂಡು, ಏನಾದರೊಂದು ಸುತ್ತಿಬಳಸಿ ಹೇಳಿ, ವ್ಯಾಯಾಮ ಕಮ್ಮಿ ಮಾಡಿಸಿಕೊಳ್ಳೋಣ ಎಂಬ ಯೋಚನೆ. ಈ ವಾರ ಮಳೆಮೋಡ, ಅದಕ್ಕೆ ಸ್ವಲ್ಪ ಜಾಸ್ತಿಯಾಗಿದೆ ಎನ್ನಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಉರು ಹೊಡೆದೆ.

ಕ್ಲಿನಿಕ್ಕಿನ ಆಚೆ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ನಲವತ್ತೈದರ ಆಸುಪಾಸು, ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು, ಅಂಗಡಿಯಿಂದ ಎದ್ದು ಬಂದ ಟೈಲರು. ಬಲಗೈಯನ್ನು ಮಗುವಿನಂತೆ ಎಡಗೈಯಲ್ಲಿ ಎತ್ತಿಕೊಂಡಿದ್ದಳು. ನಾನು ಕೂತ ಮೇಲೆ ನನ್ನ ಭುಜ ನೋಡಿದಳು. ನಾನೂ ನನ್ನ ಎಡಗೈಯನ್ನು ಹಾಗೇ ಹಿಡಿದುಕೊಂಡಿದ್ದೆ.

‘ನಿಮ್ಗೂ ರಟ್ಟೇನಾ?’ ಎಂದಳು.

‘ಹೂಂ.’

‘ಎಲ್ಲಿಂದ ಬಂದ್ರಿ?’

‘ತುಮಕೂರು. ಟೀಚರ್ ನಾನು, ಸ್ಕೂಲು ಮುಗಿಸ್ಕೊಂಡು ಹಂಗೇ ಬಂದೆ.’

ಅವಳ ಮುಖ ಅರಳಿತು. ‘ಅಯ್ಯೋ, ಆ ಟೀಚರ್ರು ನೀವೇನಾ? ಈ ಡಾಕ್ಟ್ರಮ್ಮಂಗೆ ಪಾಠ ಹೇಳ್ಕೊಟ್ಟೋರು? ಹೆಸ್ರು ಹೇಳ್ಲಿಲ್ಲ ಕಣ್ರಿ, ನಮ್ ಮಿಸ್ ಒಬ್ರು ಅವ್ರೆ ಅಂತಷ್ಟೇ ಅಂದಿದ್ದು. ಐದೇ ವಾರಕ್ಕೆ ಮೂರಕ್ಕೆ ಇಳೀತಂತೆ ನಿಮ್ಗೆ, ಶುಗರ್ ಇದ್ರೂವೆ?’

ನಾನು ಸೆರಗು ಎಳೆದು ಭುಜ ಮುಚ್ಚಿಕೊಂಡೆ. ಅವಳು ಮಾತು ಮುಂದುವರಿಸಿದಳು. ಅವಳ ಅಂಕಿ ಆರರಲ್ಲೇ ನಿಂತುಬಿಟ್ಟಿತ್ತಂತೆ. ಮದುವೆ ಬ್ಲೌಸುಗಳು ರಾಶಿ ಬಿದ್ದಿವೆ, ಬೇಗ ವಾಸಿ ಮಾಡಿ ಎಂದು ಇವಳು ಗೋಗರೆದಾಗ, ಹುಡುಗಿ ನನ್ನ ಉದಾಹರಣೆ ಕೊಟ್ಟು ರಾಟೆಯ ವ್ಯಾಯಾಮ ಕೊಟ್ಟಿದ್ದಳಂತೆ.

‘ನಿಮ್ಗೆ ಆಗಿದ್ದು ನಂಗ್ಯಾಕೆ ಆಗಲ್ಲ ಅಂತ ನಾನು ದಿನಕ್ಕೆ ಎಲ್ಡು ಸಲ ಹೇಳಿದ್ರೆ ನಾಕ್ ಸಲ ಮಾಡ್ದೆ. ಈಗ ನೋಡಿ, ಇಸ್ತ್ರಿ ಪೆಟ್ಗೆ ಎತ್ತಕ್ಕಾಗ್ತಿಲ್ಲ. ಕತ್ರಿ ಹಿಡಿದ್ರೆ ಬೆರಳು ಜೋಮು ಹಿಡೀತದೆ. ನಾನೇ ಎಲ್ಲೋ ಸರಿಯಾಗಿ ಮಾಡ್ತಿಲ್ಲ ಅನ್ಸುತ್ತೆ. ನೀವು ಹೆಂಗ್ ಮಾಡ್ತಿದ್ರಿ, ಸ್ವಲ್ಪ ತೋರ್ಸಿ ಮೇಡಂ.’

ನನಗೆ ಎದ್ದು ಓಡಬೇಕೆನ್ನಿಸಿತು. ಅಷ್ಟರಲ್ಲಿ ಒಳಗಿಂದ ಅವಳನ್ನು ಕರೆದರು. ಅವಳು ಹೋಗಿ ಬರುವವರೆಗೆ ಆ ಬೆಂಚಿಗೂ ಗೇಟಿಗೂ ಎಷ್ಟು ಸಲ ತಿರುಗಾಡಿದೆನೋ, ಕಾವಲಿನವನು ಎರಡು ಸಲ ಏನು ಬೇಕು ಎಂದು ಕೇಳಿದ. ತಾನೂ ಕೆಟ್ಟು ವನವನ್ನೆಲ್ಲ ಕೆಡಿಸಿದ ಕೋತಿಯ ಮಾತನ್ನು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಅವಳು ಆಚೆ ಬಂದು, ‘ಎಲ್ಲಾ ನಿಲ್ಸಿ, ಬರೀ ತೂಗಾಡ್ಸಿ ಅಂದ್ರು’ ಎಂದು ಬಾಡಿದ ಮುಖದಲ್ಲಿ ಹೇಳಿ ಹೋದಳು. ನಾನು ಒಳಗೆ ಹೋದೆ.

ಉರು ಹೊಡೆದಿದ್ದ ಮಳೆಮೋಡದ ಮಾತು ಬಾಯಿಗೆ ಬರಲಿಲ್ಲ. ‘ಮೂರು ಅಲ್ಲ ಕಣಮ್ಮ, ಎಂಟು’ ಎಂದೆ. ‘ಎರಡನೇ ವಾರದಿಂದ ಎಲ್ಲಾ ಸುಳ್ಳೇ ಹಾಕಿದೀನಿ.’

ಅವಳಿಗೆ ಅರ್ಥವಾಗಲಿಲ್ಲ. ಲ್ಯಾಪ್‌ಟಾಪಿನಲ್ಲಿ ಅವಳ ಕಡೆಯ ಬಾಗಿಲು ತೆರೆದೇ ಇತ್ತು, ನನ್ನ ಗೆರೆ ಮೆಟ್ಟಿಲಿಳಿದಂತೆ ಚಂದವಾಗಿ ಇಳಿದಿತ್ತು. ಅದನ್ನು ನೋಡಿದಳು, ನನ್ನ ಕೈ ನೋಡಿದಳು. ಬಂದು ನನ್ನ ಮೊಣಕೈ ಹಿಡಿದು ಮೆಲ್ಲಗೆ ಎತ್ತಿದಳು. ಹೊಟ್ಟೆಯ ಮೇಲೆ ಬರುವಷ್ಟರಲ್ಲಿ ನಾನು ಚೀರಿದೆ.

‘ಯಾಕೆ ಮಿಸ್?’ ಎಂದಳು.

‘ಅವತ್ತು ನಿಮ್ಮ ದೊಡ್ಡ ಡಾಕ್ಟ್ರು ಬೈದ್ರಲ್ಲ. ನಿಂಗೆ ಒಳ್ಳೇದಾಗ್ಲಿ ಅಂತ.’

ಅವಳು ನನ್ನ ಕೈಯನ್ನು ಮೆಲ್ಲಗೇ ಕೆಳಗಿಟ್ಟಳು. ದನಿ ಮಾತ್ರ ಮೆಲ್ಲಗಿರಲಿಲ್ಲ. ‘ನಿಮ್ಮನ್ನ ಯಾರು ಕೇಳಿದ್ರು ಮಿಸ್? ಈಗ ಹೋದ್ರಲ್ಲ, ಅವ್ರಿಗೆ ರಾಟೆ ಕೊಡ್ಬೇಡ ಅಂತ ಪೇಜೇ ಹೇಳ್ತಿತ್ತು. ನಾನು ನಿಮ್ ಗ್ರಾಫ್ ನೋಡ್ಕೊಂಡು ಕೊಟ್ಟೆ. ಪೇಜಿಗಿಂತ ನಮ್ ಮಿಸ್ ಮೇಲೆ ನಂಗೆ ನಂಬಿಕೆ ಜಾಸ್ತಿ ಇತ್ತು. ಅರ್ಧ ಮಾರ್ಕೂ ಬಿಡದ ಮಿಸ್ ಸುಳ್ಳು ನಂಬರ್ ಹಾಕ್ತಾರಾ ಅಂತ.’

ಒಬ್ಬ ವಿದ್ಯಾರ್ಥಿನಿಯ ಮುಂದೆ ತಲೆ ತಗ್ಗಿಸಿ ನಿಂತದ್ದು ಅದೇ ಮೊದಲು. ಅವಳ ಕಣ್ಣಲ್ಲಿ ನೀರಿತ್ತು, ಕೋಪದ ನೀರು. ತಪ್ಪಾಯಿತು ಎಂದೆ. ಅವಳು ಪರವಾಗಿಲ್ಲ ಎನ್ನಲಿಲ್ಲ. ಸ್ಕ್ರೀನಿನ ಕಡೆ ತಿರುಗಿ, ನನ್ನ ಪುಟದಲ್ಲಿ ಮೇಲಕ್ಕೆ ಹೋಗಿ, ‘ಜಡೆ ಅಂತ ಬರ್ದಿದೀರಿ. ಇದೂ ಸುಳ್ಳೇನಾ?’ ಎಂದಳು.

ಆಗ ಹೇಳಿದೆ. ಲಿಂಗ ಮಡಿಲಿಗೆ ಬಿದ್ದದ್ದು, ಅಂದಿನಿಂದ ಕರಡಿಗೆ ತೆಗೆಯದೆ ಇರುವುದು, ಎಲ್ಲ. ಮನೆಯವರಿಗೂ ಹೇಳದೇ ಇದ್ದದ್ದನ್ನು ಬೈಸಿಕೊಂಡ ಬಿಸಿಯಲ್ಲೇ ಅವಳಿಗೆ ಹೇಳಿದೆ. ಅವಳು ಕೇಳುತ್ತ ಕೇಳುತ್ತ ಎದ್ದು, ಮೂಲೆಯಲ್ಲಿದ್ದ ಎರಡು ದಿಂಬು ತಂದು ಮೇಜಿನ ಮೇಲೆ ಒಂದರ ಮೇಲೊಂದಿಟ್ಟಳು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಮೊಣಕೈಯನ್ನು ದಿಂಬಿನ ಮೇಲೆ ಊರಿಸಿ, ಅಂಗೈಯನ್ನು ಮೇಲ್ಮುಖ ಮಾಡಿದಳು. ‘ಕಣ್ಣಿನ ಮಟ್ಟಕ್ಕೆ ಬೇಡ. ಎದೆ ಮಟ್ಟ ಸಾಕು. ಭಾರ ದಿಂಬು ಹೊರಲಿ, ಭುಜ ಹೊರೋದು ಬೇಡ. ಮೊದ್ಲು ಒಂದು ನಿಮಿಷ. ಕುರ್ಚಿ ಮೇಲೆ ಕೂತ್ಕೊಂಡ್ರೆ ತಪ್ಪೇನಿಲ್ವಲ್ಲ?’

ನಮ್ಮ ಮನೆಯಲ್ಲಿ ಯಾರೂ ಕುರ್ಚಿಯ ಮೇಲೆ ಕೂತು ಪೂಜೆ ಮಾಡಿದವರಿಲ್ಲ. ‘ತಪ್ಪೇನಿಲ್ಲ’ ಎಂದೆ. ಖಾಲಿ ಅಂಗೈ ನನ್ನ ಎದೆಯ ಮುಂದೆ ಇತ್ತು, ನಡುಗುತ್ತಿರಲಿಲ್ಲ. ನೋವು ಇದ್ದೇ ಇತ್ತು, ಆದರೆ ಕೈ ನಿಂತಿತ್ತು. ಇಷ್ಟು ಸರಳವಾದದ್ದನ್ನು ಕೇಳಲು ನನಗೆ ಇಷ್ಟು ತಿಂಗಳು ಹಿಡಿಯಿತು.

‘ವಾಸಿ ಆಗುತ್ತೇನಮ್ಮ?’ ಎಂದು ಕೇಳಿದೆ.

‘ಆಗುತ್ತೆ. ಯಾವಾಗ ಅಂತ ನಂಗೆ ಗೊತ್ತಿಲ್ಲ. ಈಗ ಮೊದ್ಲಿಂದ ಶುರು ಮಾಡ್ಬೇಕು’ ಎಂದು ನನ್ನ ಪುಟವನ್ನು ಒಂದನೇ ಹಂತಕ್ಕೆ ಇಳಿಸಿದಳು. ನಾನು ಏಳುವಾಗ ಮತ್ತೆ ಹೇಳಿದಳು, ‘ನಂಗೆ ಹೇಳಿದ್ದಾಯ್ತು ಮಿಸ್. ಆ ಟೈಲರಮ್ಮಂಗೂ ಹೇಳಿ. ನಾನೂ ನನ್ನ ಕಡೆಯಿಂದ ಹೇಳ್ತೀನಿ, ಆದ್ರೆ ನಿಮ್ದು ನೀವೇ ಹೇಳ್ಬೇಕು. ಅವ್ರು ತಪ್ಪೆಲ್ಲ ತಮ್ದೇ ಅಂದ್ಕೊಂಡು ಹೋದ್ರು.’

ಟೈಲರಂಗಡಿ ಹುಡುಕುವುದು ಕಷ್ಟವಾಗಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ರಟ್ಟೆ ನೋವಿನ ಟೈಲರಮ್ಮ ಎಂದರೆ ಹೂವಿನವಳೇ ಬೆರಳು ಮಾಡಿ ತೋರಿಸಿದಳು. ಅಷ್ಟು ದೂರ ಹೋಗುವಷ್ಟರಲ್ಲಿ ಎರಡು ಸಲ ತುಮಕೂರು ಬಸ್ಸಿನ ಕಡೆ ತಿರುಗಿದೆ. ಇನ್ನೊಂದು ದಿನ ಬಂದರಾಯಿತು, ಫೋನ್ ನಂಬರು ತೆಗೆದುಕೊಂಡು ನಿಧಾನವಾಗಿ ಹೇಳಿದರಾಯಿತು ಎಂದು ಕಾಲು ಎಳೆಯುತ್ತಿತ್ತು. ಜೀವನದಲ್ಲಿ ಮೊದಲ ಸಲ ನನಗೆ ನಿಧಾನ ಬೇಕಾಗಿತ್ತು.

ಅವಳು ಅಂಗಡಿಯಲ್ಲಿ ಒಬ್ಬಳೇ ಇದ್ದಳು. ಮಿಷನ್ನಿನ ಮೇಲೆ ಕೆಂಪು ಬ್ಲೌಸೊಂದು ಅರ್ಧ ಹೊಲಿಗೆಯಲ್ಲಿ ನಿಂತಿತ್ತು. ನನ್ನನ್ನು ನೋಡಿ ಸ್ಟೂಲು ಸರಿಸಿದಳು. ‘ಬನ್ನಿ ಮೇಡಂ, ತೋರ್ಸಕ್ಕೆ ಬಂದ್ರಾ?’

ಕೂರಲಿಲ್ಲ, ನಿಂತೇ ಹೇಳಿದೆ. ‘ನಂಗೆ ವಾಸಿ ಆಗಿಲ್ಲ ಕಣಮ್ಮ. ಆ ಹುಡುಗಿಗೆ ಒಳ್ಳೇ ಹೆಸ್ರು ಬರ್ಲಿ ಅಂತ ಫೋನಲ್ಲಿ ಸುಳ್ಳು ನಂಬರ್ ಹಾಕ್ದೆ. ನಿಮ್ದೇನೂ ತಪ್ಪಿಲ್ಲ. ನನ್ನ ಸುಳ್ಳು ನಂಬಿ ನಿಮ್ಗೆ ಹಿಂಗಾಯ್ತು.’

ಬೈಯುತ್ತಾಳೆ ಎಂದು ಕಾಯುತ್ತಿದ್ದೆ, ಬೈದರೆ ಸಾಕಾಗಿತ್ತು. ಅವಳು ಬೈಯಲಿಲ್ಲ. ‘ಹಂಗಾರೆ ನಾನು ಸರ್ಯಾಗೇ ಮಾಡ್ತಿದ್ದೆ?’ ಎಂದಳು.

‘ಸರಿಯಾಗೇ ಮಾಡ್ತಿದ್ರಿ.’

‘ನಮ್ ಯಜಮಾನ್ರು, ನಿಂಗೇ ಮೈಗಳ್ಳತನ ಅಂದ್ಬುಟ್ರು. ಹೌದೇನೋ ಅಂದ್ಕಂಡೆ.’ ಆಮೇಲೆ ನನ್ನ ಕೈ ನೋಡಿ ಕೇಳಿದಳು, ‘ಎಲ್ಲಿಗಂಟ ಬತ್ತದೆ ನಿಮ್ದು? ಎತ್ತಿ, ನೋಡಾನ.’

ಎತ್ತಿದೆ. ಅವಳೂ ಎದ್ದು ಎದುರಿಗೆ ನಿಂತು ಎತ್ತಿದಳು. ನನ್ನದು ಎಡಗೈ, ಅವಳದು ಬಲಗೈ. ರಸ್ತೆಯಲ್ಲಿ ಹೋಗುವವರು ಯಾರಾದರೂ ನೋಡಿದ್ದರೆ ಇಬ್ಬರು ಹೆಂಗಸರು ಏನನ್ನೋ ಅಳೆಯುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು. ಎರಡೂ ಕೈ ಹೆಚ್ಚು ಕಮ್ಮಿ ಒಂದೇ ಎತ್ತರದಲ್ಲಿ ನಿಂತವು, ಹೊಟ್ಟೆಯಿಂದ ಸ್ವಲ್ಪ ಮೇಲೆ.

‘ಈಗ ನಿಜವಾಗ್ಲೂ ಎಷ್ಟು ಹಾಕ್ತೀರ?’ ಎಂದಳು.

‘ಎಂಟು.’

‘ನಂದೂ ಎಂಟೇ ಇವತ್ತು’ ಎಂದು ಕೈ ಇಳಿಸಿದಳು. ‘ಮೊದ್ಲು ಆರಿತ್ತು.’

ಅವಳ ಎಂಟರಲ್ಲಿ ಎರಡು ನಾನು ಕೊಟ್ಟದ್ದು. ಆ ಲೆಕ್ಕ ಅವಳಿಗೂ ಗೊತ್ತಾಗಿತ್ತು. ಆದರೂ ಸ್ಟೂಲನ್ನು ಇನ್ನೊಮ್ಮೆ ನನ್ನ ಕಡೆ ಸರಿಸಿದಳು, ನಾನು ಕೂತೆ.